ಹಲಸೂರು ಸೋಮೇಶ್ವರನ ಸನ್ನಿಧಿ: ಕಲ್ಯಾಣಕ್ಕೆ ಸಾಕ್ಷಿ ಯಾರು?

ಹಲಸೂರು ಎಂದೊಡನೆ ಇಂದಿನವರಿಗೆ ಕೆರೆ, ದಂಡಿನ ಬಿಡಾರ, ಮೆಟ್ರೋ ರೈಲಿನ ನಿಲ್ದಾಣ ನೆನಪಾಗುತ್ತವೆ. ಊರ ಹಿರಿಯರಿಗೆ ಮೊದಲು ನೆನಪಾಗುವವನು ಸೋಮೇಶ್ವರ. ಅವನಿಂದಲೇ ಆ ಊರಿಗೊಂದು ಗುರುತು. ಹಲಸಿನ ತೋಪುಗಳಿದ್ದುದರಿಂದ ಹಲಸೂರಾಯಿತೆಂದು ಹೇಳುವ ವಾಡಿಕೆಯಿದೆ. ಆ ಮರಗಳು ಈಗ ಇಲ್ಲ. ತೋಪು ಹೋಯಿತು, ಗದ್ದೆ ಹೋಯಿತು, ಕೆರೆಯ ಕೆಳಗಿನ ತೋಟ ಹೋಯಿತು. ಹಳ್ಳಿಯ ಗುಡಿ ಮಾತ್ರ ಮಹಾನಗರದ ನಡುವೆ ತನ್ನ ಗೋಪುರದೊಡನೆ ನಿಂತಿದೆ.

ಬೆಂಗಳೂರಿನ ಇತಿಹಾಸದಲ್ಲಿ ಈ ಊರಿಗೆ ಇರುವ ಸ್ಥಾನ ಸಣ್ಣದಲ್ಲ. ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದಾಗ ವಿಜಯನಗರದ ಅಚ್ಯುತರಾಯನು ಸಂತೋಷಪಟ್ಟು ಕೆಲವು ಹೋಬಳಿಗಳನ್ನು ಅವರಿಗೆ ಉಂಬಳಿಯಾಗಿ ಬಿಟ್ಟುಕೊಟ್ಟನೆಂದು ಚರಿತ್ರೆ ಹೇಳುತ್ತದೆ. ವರ್ಷಕ್ಕೆ 30,000 ವರಹ ಹುಟ್ಟುವಳಿಯ ಆ ಸೀಮೆಯಲ್ಲಿ ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರಗಳ ಜೊತೆಗೆ ಹಲಸೂರಿನ ಹೆಸರೂ ಇದೆ. ಪೇಟೆಯಿಂದ ಈ ಊರಿನ ಕಡೆಗೆ ಹೊರಡುವ ಕೋಟೆಬಾಗಿಲಿಗೆ ಹಲಸೂರು ಬಾಗಿಲು ಎಂದೇ ಹೆಸರಾಯಿತು. ಬಾಗಿಲು ಬಿದ್ದುಹೋಗಿ ಎಷ್ಟೋ ಕಾಲವಾದರೂ ಪೊಲೀಸು ಠಾಣೆಯ ಹೆಸರಿನಲ್ಲಿ ಅದು ಇನ್ನೂ ಉಳಿದಿರುವುದನ್ನು ಓದುಗರು ಬಲ್ಲರು. ಕೆಂಪೇಗೌಡರ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಗಡಿಗೋಪುರಗಳಲ್ಲಿ ಒಂದು ಇರುವುದೂ ಹಲಸೂರು ಕೆರೆಯ ಬಳಿಯ ಬಂಡೆಯ ಮೇಲೆಯೇ.

ಸೋಮೇಶ್ವರನ ಗುಡಿಯ ಮೂಲ ಚೋಳರ ಕಾಲದ್ದೆಂದು ಕೆಲವರು, ವಿಜಯನಗರದ ಕಾಲದ್ದೆಂದು ಮತ್ತೆ ಕೆಲವರು ಹೇಳುತ್ತಾರೆ. ಇಂದು ಕಣ್ಣಿಗೆ ಕಾಣುವ ಕಟ್ಟಡದಲ್ಲಿ ಹೆಚ್ಚಿನ ಪಾಲು ವಿಜಯನಗರದ ಶೈಲಿಯದು, ಯಲಹಂಕ ಪ್ರಭುಗಳ ಕಾಲದ್ದು. ಇದರ ಹುಟ್ಟಿನ ಬಗ್ಗೆ ಒಂದು ಐತಿಹ್ಯವಿದೆ. ಬೇಟೆಗೆ ಹೊರಟ ಕೆಂಪೇಗೌಡರು ದಣಿದು ಮರದ ನೆರಳಿನಲ್ಲಿ ಮಲಗಿದ್ದಾಗ ಸೋಮೇಶ್ವರನು ಕನಸಿನಲ್ಲಿ ಬಂದು, ಇಲ್ಲಿ ಹೂತಿರುವ ನಿಧಿಯನ್ನು ತೆಗೆದು ನನಗೊಂದು ಗುಡಿ ಕಟ್ಟಿಸು ಎಂದನಂತೆ. ಗೌಡರು ಅಗೆಸಿದರು, ನಿಧಿ ಸಿಕ್ಕಿತು, ಗುಡಿ ಎದ್ದಿತು. ಇನ್ನೊಂದು ಪಾಠದಲ್ಲಿ ಕನಸು ಕಂಡವರು ಅವರ ವಂಶದ ಹಿರಿಯರಾದ ಜಯಪ್ಪಗೌಡರು. ಅವರ ಕಾಲ 1420ರಿಂದ 1450 ಎನ್ನುತ್ತಾರೆ. ಅಲ್ಲಿ ಕನಸಿನಲ್ಲಿ ಬಂದವನು ಹೇಳಿದ್ದು, "ನೀನು ಮಲಗಿರುವ ಜಾಗದ ಕೆಳಗೆ ಲಿಂಗವಿದೆ" ಎಂದು. ಮೊದಲು ಮರದ ಗುಡಿ ಕಟ್ಟಿದರೆಂದೂ ಕಲ್ಲಿನದು ಆಮೇಲೆ ಬಂತೆಂದೂ ಈ ಪಾಠದವರು ಸೇರಿಸುತ್ತಾರೆ. ಎರಡರಲ್ಲಿ ಯಾವುದು ಸರಿ ಎಂಬ ವಾದ ನಮಗೆ ಬೇಡ. ನಿಧಿಯ ಕಥೆಗಿಂತ ಲಿಂಗದ ಕಥೆಯೇ ಈ ಅಂಕಣಕಾರನಿಗೆ ಹೆಚ್ಚು ಹಿಡಿಸುತ್ತದೆ. ತಲೆಯಿಟ್ಟು ಮಲಗಿದ ಮಣ್ಣಿನಡಿಯಲ್ಲೇ ದೇವರಿದ್ದಾನೆಂಬುದು ಒಕ್ಕಲುಮಕ್ಕಳಿಗೆ ಬೇಗ ಅರ್ಥವಾಗುವ ಮಾತು.

ಕೆಂಪೇಗೌಡರ ವಂಶಕ್ಕೂ ಸೋಮೇಶ್ವರನಿಗೂ ಇದ್ದ ನಂಟು ಹಲಸೂರಿಗೆ ಮುಗಿಯುವುದಿಲ್ಲ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದ ಮೇಲೆ ಈ ಮನೆತನದವರು ಮಾಗಡಿಗೆ ಹೋಗಿ ನೆಲೆನಿಂತರು. ಮಾಗಡಿಯಲ್ಲೂ ಅವರ ಸೇವೆ ಪಡೆದ ಸೋಮೇಶ್ವರನ ಗುಡಿಯಿದೆ. ಊರು ಬಿಟ್ಟವರು ದೇವರ ಹೆಸರನ್ನು ಬಿಡಲಿಲ್ಲ. ಕನ್ನಡ ನಾಡಿನಲ್ಲಿ ಸೋಮೇಶ್ವರರಿಗೇನು ಕೊರತೆಯಿಲ್ಲವೆನ್ನಿ! ಕೋಲಾರದಲ್ಲೊಬ್ಬ, ಕುರುಡುಮಲೆಯಲ್ಲೊಬ್ಬ. ಸೌರಾಷ್ಟ್ರದಿಂದ ಸೋಮನಾಥನನ್ನೇ ಪುಲಿಗೆರೆಗೆ ಕರೆತಂದ ಶರಣ ಆದಯ್ಯನ ಕಥೆಯನ್ನು ಹರಿಹರ ಮಹಾಕವಿ ಹಾಡಿದ್ದಾನೆ.

ಹಲಸೂರಿನ ಮೇಲೆ ಮುಂದೆ ಬಂದದ್ದು ಬೇರೆಯೇ ಬಗೆಯ ಅಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಬ್ರಿಟಿಷರ ಪಡೆಗೆ ಅಲ್ಲಿಯ ಹವೆ ಒಗ್ಗದೆ ದಂಡು ಬೆಂಗಳೂರಿಗೆ ಬಂತು. 1807ರಲ್ಲಿ ಹಲಸೂರಿನಲ್ಲಿ ಸೈನಿಕರ ಬಿಡಾರಗಳೆದ್ದವು, 1809ರ ವೇಳೆಗೆ ದಂಡು ಪ್ರದೇಶ ನೆಲೆಯೂರಿತು. ದಂಡಿನ ಹಿಂದೆ ಗುತ್ತಿಗೆದಾರರು, ವ್ಯಾಪಾರಿಗಳು, ಕಸುಬಿನವರು, ಕೂಲಿಯವರು ಬಂದರು. ಇವರಲ್ಲಿ ಬಹುಮಂದಿ ತಮಿಳು ಮಾತಿನವರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ದಂಡು ಪ್ರದೇಶವನ್ನು ಆಂಗ್ಲರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಹೀಗೆ ಯಲಹಂಕ ಪ್ರಭುಗಳ ದೇವರು 1947ರವರೆಗೆ ಆಂಗ್ಲರ ಆಡಳಿತದ ಸೀಮೆಯೊಳಗೇ ಪೂಜೆಗೊಂಡನು. 1949ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಒಂದಾಗಿ ನಗರಪಾಲಿಕೆಯಾಯಿತು.

ಆದರೆ ಹಲಸೂರಿನ ಸನ್ನಿಧಿಯಲ್ಲಿ ಕನ್ನಡ ತಮಿಳುಗಳು ಅದಕ್ಕೂ ಬಹಳ ಮೊದಲೇ ಒಂದಾಗಿದ್ದವು. ಇದಕ್ಕೆ ಗುಡಿಯ ಕಲ್ಲುಗಳನ್ನೇ ಕೇಳಬೇಕು. ಪೂರ್ವಕ್ಕೆ ಮುಖ ಮಾಡಿದ ರಾಜಗೋಪುರ, ಅದರ ಬಳಿ ಎತ್ತರದ ಕಂಬ, ಒಳಗೆ ಕಂಬಗಳ ಮಂಟಪ, ಗರ್ಭಗುಡಿಯ ಸುತ್ತ ಪ್ರದಕ್ಷಿಣಾ ಪಥ. ಕೈಲಾಸವನ್ನೆತ್ತುವ ರಾವಣ, ಮಹಿಷನನ್ನು ಮರ್ದಿಸುವ ದುರ್ಗೆ, ಸಪ್ತರ್ಷಿಗಳು, ನವಗ್ರಹಗಳು ಇಲ್ಲಿಯ ಶಿಲ್ಪದಲ್ಲಿ ಕಾಣುತ್ತಾರೆ. ಇವರ ಜೊತೆಗೆ ನಾಯನ್ಮಾರರ ಮೂರ್ತಿಗಳಿವೆ. ಗಿರಿಜಾ ಕಲ್ಯಾಣದ ದೃಶ್ಯವಿದೆ. ಕಾಮಾಕ್ಷಮ್ಮನ ಗುಡಿಯೂ ಪ್ರಾಕಾರದಲ್ಲಿದೆ.

ತಮಿಳರು ನಾಯನ್ಮಾರರೆಂದು ಕರೆಯುವ ಆ ಅರವತ್ತಮೂವರೇ ನಮ್ಮ ಶರಣರು ಅಡಿಗಡಿಗೆ ನೆನೆಯುವ ಅರವತ್ತಮೂರು ಪುರಾತನರು. ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡರ ಕಣ್ಣಪ್ಪನನ್ನು ಅರಿಯದ ಹಳ್ಳಿ ಕರ್ನಾಟಕದಲ್ಲಿ ಇದೆಯೇ? ನಾಟಕದ ಕಂಪನಿಗಳು ಅವನ ಕಥೆಯನ್ನು ಊರೂರಿಗೆ ಒಯ್ದವು. 1954ರಲ್ಲಿ ರಾಜ್‌ಕುಮಾರರು ನಾಯಕನಟರಾಗಿ ತೆರೆಗೆ ಬಂದದ್ದೂ ಅದೇ ಕಣ್ಣಪ್ಪನಾಗಿ. ಮಗನನ್ನೇ ಅಡುಗೆ ಮಾಡಿ ಬಡಿಸಿದ ಸಿರಿಯಾಳ, ತಲೆಕೆಳಗಾಗಿ ಕೈಲಾಸಕ್ಕೆ ನಡೆದ ಕಾರಿಕಾಲಮ್ಮೆ, ಶಿವನನ್ನು ಗೆಳೆಯನೆಂದೇ ಸಲುಗೆಯಿಂದ ಬಳಸಿದ ನಂಬಿಯಣ್ಣ, ಇವರೆಲ್ಲ ತಮಿಳು ನಾಡಿನಲ್ಲಿ ಹುಟ್ಟಿ ಹರಿಹರನ ರಗಳೆಗಳಲ್ಲಿ ಕನ್ನಡಿಗರಾದವರು. ಅದೇ ಹರಿಹರ ಗಿರಿಜಾ ಕಲ್ಯಾಣವೆಂಬ ಚಂಪೂ ಕಾವ್ಯವನ್ನೂ ಬರೆದನು. ಪುರಾತನರೂ ಗಿರಿಜಾ ಕಲ್ಯಾಣವೂ ಒಂದೇ ಗುಡಿಯ ಕಲ್ಲಿನಲ್ಲಿ ಜೊತೆಗೂಡಿರುವುದನ್ನು ಕಂಡರೆ ಹರಿಹರನ ಕಾವ್ಯಗಳ ಓಲೆಗರಿಯನ್ನು ಬಿಡಿಸಿಟ್ಟ ಹಾಗೆ ತೋರುತ್ತದೆ.

ಇನ್ನು ಉತ್ಸವಗಳ ಮಾತು. ಮಹಾಶಿವರಾತ್ರಿ, ಕಾರ್ತಿಕ ಸೋಮವಾರಗಳು ಎಲ್ಲ ಶಿವಾಲಯಗಳಲ್ಲಿರುವಂತೆ ಇಲ್ಲಿಯೂ ಇವೆ. ಹಲಸೂರಿನ ಹೆಗ್ಗಳಿಕೆ ಚೈತ್ರದ ಸುಗ್ಗಿಯ ಹೊತ್ತಿನದು. ಬ್ರಹ್ಮೋತ್ಸವ, ಸ್ವಾಮಿ ಅಮ್ಮನವರ ಕಲ್ಯಾಣ, ರಥೋತ್ಸವ, ಅದಕ್ಕೆ ಸೇರಿಕೊಂಡಂತೆ ಹೂವಿನ ಪಲ್ಲಕ್ಕಿ. ಸುತ್ತಣ ಗುಡಿಗಳ ದೇವರುಗಳು ಮಲ್ಲಿಗೆ, ಸೇವಂತಿಗೆ, ಕನಕಾಂಬರಗಳಿಂದ ಕಟ್ಟಿದ ಪಲ್ಲಕ್ಕಿಗಳಲ್ಲಿ ಕುಳಿತು ಸೋಮೇಶ್ವರನ ಬೀದಿಗೆ ಬರುತ್ತಾರೆ. ಹಿಂದೆ ಹೆಗಲ ಮೇಲೆ ಬರುತ್ತಿದ್ದ ಪಲ್ಲಕ್ಕಿಗಳು ಈಗ ಟ್ರ್ಯಾಕ್ಟರುಗಳ ಮೇಲೆ, ವಿದ್ಯುದ್ದೀಪಗಳ ಸಾಲಿನೊಡನೆ ಬರುವುದುಂಟು. ರಾತ್ರಿಯೆಲ್ಲ ವಾದ್ಯ, ತಮಟೆ, ನಾದಸ್ವರ. ಒಂದು ಕಾಲಕ್ಕೆ ಇವು ಹೊಲಗದ್ದೆಗಳ ನಡುವೆ ಬೇರೆ ಬೇರೆಯಾಗಿದ್ದ ಹಳ್ಳಿಗಳ ದೇವರುಗಳು. ಹಳ್ಳಿಗಳ ಎಲ್ಲೆ ಅಳಿಸಿಹೋಗಿ ಎಲ್ಲವೂ ಬಡಾವಣೆಗಳಾದವು. ಯಾವ ದೇವರು ಯಾವ ಊರಿನವನೆಂದು ತಿಳಿಯಬೇಕಾದರೆ ಈಗ ಪಲ್ಲಕ್ಕಿಯ ರಾತ್ರಿಗೇ ಬರಬೇಕು.

ತೇರಿನ ದಿನ ನೋಡಬೇಕಾದದ್ದು ಇನ್ನೊಂದಿದೆ. ಹಳೆಯ ಮೈಸೂರು ಸೀಮೆಯ ಯಾವ ಜಾತ್ರೆಯಲ್ಲಿಯೂ ಹೊಸದಾಗಿ ಮದುವೆಯಾದವರನ್ನು ಮೊದಲ ವರ್ಷ ತೇರಿಗೆ ಕರೆತರುವುದು ಪದ್ಧತಿ. ಬಾಳೆಹಣ್ಣಿಗೆ ದವನದ ಕುಡಿ ಸಿಕ್ಕಿಸಿ ರಥದ ಕಳಸಕ್ಕೆ ಗುರಿಯಿಟ್ಟು ಎಸೆಯುತ್ತಾರೆ. ಹಣ್ಣು ಕಳಸಕ್ಕೆ ತಗುಲಿದರೆ ಹುಡುಗ ಹುಡುಗಿ ಮುಖ ನೋಡಿಕೊಂಡು ನಗುತ್ತಾರೆ. ತಗುಲದಿದ್ದರೆ ಅತ್ತೆ ಮಾವಂದಿರು ಇನ್ನೊಂದು ಹಣ್ಣು ಕೊಡುತ್ತಾರೆ. ಮದುವೆಯನ್ನು ಊರಿಗೆಲ್ಲ ತೋರಿಸುವ ಕ್ರಮ ಇದು. ಹುಡುಗಿ ಯಾರ ಸೊಸೆ, ಹುಡುಗ ಯಾರ ಅಳಿಯ ಎಂಬುದು ಆ ಒಂದು ದಿನದಲ್ಲಿ ಹತ್ತು ಹಳ್ಳಿಗೆ ತಿಳಿಯುತ್ತಿತ್ತು. ದೇವರು ಸಾಕ್ಷಿ, ತೇರು ಸಾಕ್ಷಿ, ಮಿಣಿ ಹಿಡಿದ ಜನವೆಲ್ಲ ಸಾಕ್ಷಿ.

ಇಷ್ಟು ದೀರ್ಘವಾಗಿ ಮದುವೆಯ ಮಾತೆತ್ತಿದ್ದಕ್ಕೆ ಕಾರಣವಿದೆ. 2025ರ ಡಿಸೆಂಬರ್ ತಿಂಗಳಲ್ಲಿ ಹಲಸೂರು ಸೋಮೇಶ್ವರ ದೇವಾಲಯದ ಸುದ್ದಿ ನಾಡಿನ, ಹೊರನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ಗಿರಿಜಾ ಕಲ್ಯಾಣವನ್ನು ಕಲ್ಲಿನಲ್ಲಿ ಕೆತ್ತಿರುವ ಈ ಸನ್ನಿಧಿಯಲ್ಲಿ ಮದುವೆ ಮಾಡಿಸುವುದನ್ನು ನಿಲ್ಲಿಸಲಾಗಿದೆ ಎಂಬುದೇ ಆ ಸುದ್ದಿ. ಮದುವೆಗೆ ಅವಕಾಶ ಸಿಗದವರೊಬ್ಬರು ಸರ್ಕಾರಕ್ಕೆ ದೂರು ಕೊಟ್ಟರು. ಅದಕ್ಕೆ ದೇವಾಲಯದ ಆಡಳಿತ ಕೊಟ್ಟ ಉತ್ತರದಿಂದ ವಿಷಯ ಹೊರಬಿತ್ತು. ಮನೆಯವರಿಗೆ ತಿಳಿಸದೆ ಬಂದ ಜೋಡಿಗಳು ಸುಳ್ಳು ದಾಖಲೆ ತೋರಿಸಿ ಮದುವೆಯಾಗುತ್ತಾರೆ; ಕೆಲವು ದಿನಗಳ ಮೇಲೆ ತಂದೆ ತಾಯಿ ಬಂದು ಅರ್ಚಕರನ್ನು ಕೇಳುತ್ತಾರೆ; ಇನ್ನು ಕೆಲವರು ವಿಚ್ಛೇದನಕ್ಕೆಂದು ನ್ಯಾಯಾಲಯಕ್ಕೆ ಹೋದಾಗ ಮಂತ್ರ ಹೇಳಿದ ಅರ್ಚಕರೇ ಸಾಕ್ಷಿ ಕಟ್ಟೆ ಹತ್ತಬೇಕಾಗುತ್ತದೆ. ಈ ತೊಂದರೆಗಳೇ ಕಾರಣವೆಂದು ವರದಿಯಾಯಿತು.

ಅರ್ಚಕರನ್ನೇಕೆ ಕರೆಯುತ್ತಾರೆ ಎಂದು ಹಿರಿಯರು ಕೇಳಬಹುದು. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮಿನ ಪ್ರಕಾರ ವಧು ಅಥವಾ ವರನ ಕಡೆಯ ವಾಡಿಕೆಯ ಶಾಸ್ತ್ರಗಳಿಂದಲೇ ಮದುವೆ ನಡೆಯಬೇಕು. ಅದರಲ್ಲಿ ಸಪ್ತಪದಿ ಸೇರಿದ್ದರೆ ಅಗ್ನಿಯ ಮುಂದೆ ಏಳನೆಯ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ಣ. ಶಾಸ್ತ್ರ ನಡೆಯದೆ ಬರಿಯ ನೋಂದಣಿ ಪತ್ರ ತಂದುಕೊಂಡರೆ ಅದು ಈ ಕಾಯಿದೆಯ ಮದುವೆಯಾಗದೆಂದು ಸುಪ್ರೀಂ ಕೋರ್ಟು 2024ರಲ್ಲಿ ಸ್ಪಷ್ಟವಾಗಿ ಹೇಳಿತು. ಹಾಗಾದರೆ ಶಾಸ್ತ್ರ ನಡೆಯಿತೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ಕಂಡವರು. ಹಿಂದೆ ಕಂಡವರು ಐನೂರು ಜನ ಇರುತ್ತಿದ್ದರು. ಈಗ ಜೋಡಿಯ ಜೊತೆಗೆ ಬಂದ ಇಬ್ಬರು ಗೆಳೆಯರು ಆಮೇಲೆ ಎಲ್ಲಿರುತ್ತಾರೋ ತಿಳಿಯದು. ಉಳಿದವರು ಅರ್ಚಕರೊಬ್ಬರೇ.

ಪುರಾತನರಲ್ಲೊಬ್ಬನಾದ ನಂಬಿಯಣ್ಣನ ಕಥೆಯನ್ನು ಇಲ್ಲಿ ನೆನೆಯಬೇಕು. ತಮಿಳರು ಇವನನ್ನು ಸುಂದರಮೂರ್ತಿ ಎನ್ನುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಶೇಕ್ಕಿಳಾರರು ರಚಿಸಿದ ಪೆರಿಯ ಪುರಾಣದಲ್ಲಿ ಬಂದಿರುವ ರೀತಿ ಹೀಗಿದೆ. ಮದುವೆಯ ಚಪ್ಪರದಲ್ಲಿ ಕುಳಿತಿದ್ದ ನಂಬಿಯ ಮುಂದೆ ಒಬ್ಬ ಮುದುಕ ಓಲೆ ಹಿಡಿದು ಬಂದು, "ನಿನ್ನ ತಾತ ತಾನೂ ತನ್ನ ವಂಶವೂ ನನಗೆ ಆಳೆಂದು ಬರೆದುಕೊಟ್ಟಿದ್ದಾನೆ, ಎದ್ದು ಬಾ" ಎಂದ. ನಂಬಿ ಸಿಟ್ಟಿನಿಂದ ಓಲೆ ಕಿತ್ತುಕೊಂಡು ಹರಿದು ಹಾಕಿದ, ಹುಚ್ಚ ಎಂದು ಬೈದ. ಮುದುಕ ಬಿಡಲಿಲ್ಲ. ವ್ಯಾಜ್ಯ ತಿರುವೆಣ್ಣೈನಲ್ಲೂರಿನ ಸಭೆಗೆ ಹೋಯಿತು. ಹರಿದದ್ದು ಪ್ರತಿ, ಮೂಲ ಇಲ್ಲಿದೆ ಎಂದು ಮುದುಕ ಇನ್ನೊಂದು ಓಲೆ ತೆಗೆದ. ಸಭೆಯ ಹಿರಿಯರು ತಾತನ ಕೈಬರಹದೊಡನೆ ತಾಳೆ ನೋಡಿದರು, ಸರಿಹೊಂದಿತು, ನಂಬಿ ಸೋತ. ನಿನ್ನ ಮನೆ ಎಲ್ಲಿ ಎಂದು ಕೇಳಿದರೆ ಮುದುಕ ನೆಟ್ಟಗೆ ಶಿವಾಲಯದೊಳಗೆ ನಡೆದು ಮಾಯವಾದ!

ಮುಂದಿನ ಭಾಗ ಇನ್ನೂ ಮುಖ್ಯ. ತಿರುವೊಟ್ಟಿಯೂರಿನಲ್ಲಿ ಹೂಮಾಲೆ ಕಟ್ಟುವ ಸಂಗಿಲಿಯನ್ನು ನಂಬಿ ಮೆಚ್ಚಿದ. ಎಂದೂ ಬಿಟ್ಟುಹೋಗುವುದಿಲ್ಲವೆಂದು ಶಿವನ ಮುಂದೆ ಆಣೆಯಿಟ್ಟರೆ ಒಪ್ಪುವುದೆಂದು ಗೊತ್ತಾಯಿತು. ನಂಬಿಗೆ ತಿರುವಾರೂರಿನಲ್ಲಿ ಆಗಲೇ ಪರವೈ ಎಂಬ ಹೆಂಡತಿಯಿದ್ದಾಳೆ, ಅಲ್ಲಿಗೆ ಹೋಗದಿರಲಾರ. ಅದಕ್ಕೆ ಶಿವನೊಡನೆ ಒಳಗುಟ್ಟು ಮಾಡಿಕೊಂಡ: "ನಾನು ಗುಡಿಯಲ್ಲಿ ಆಣೆಯಿಡುವ ಹೊತ್ತಿಗೆ ನೀನು ಎದ್ದು ಹೊರಗಿನ ಬಕುಳದ ಮರದಡಿ ಕುಳಿತಿರು." ಶಿವ ಒಪ್ಪಿದ. ಒಪ್ಪಿ, ಸಂಗಿಲಿಯ ಕನಸಿನಲ್ಲಿ ಹೋಗಿ, ಗುಡಿಯಲ್ಲಿ ಬೇಡ, ಬಕುಳದ ಮರದಡಿ ಆಣೆ ಮಾಡಿಸಿಕೋ ಎಂದು ಹೇಳಿಬಿಟ್ಟ. ಬೆಳಗ್ಗೆ ನಂಬಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಶಿವನಿರುವ ಮರದಡಿಯೇ ಆಣೆಯಿಟ್ಟ, ಮದುವೆಯಾದ. ವಸಂತ ಬಂದಾಗ ತಿರುವಾರೂರು ಕರೆಯಿತು, ಊರು ದಾಟಿದ, ಎರಡು ಕಣ್ಣೂ ಹೋದವು. ಅತ್ತು ಹಾಡುತ್ತ ನಡೆದವನಿಗೆ ಕಂಚಿಯಲ್ಲಿ ಒಂದು ಕಣ್ಣು, ತಿರುವಾರೂರಿನಲ್ಲಿ ಇನ್ನೊಂದು ಕಣ್ಣು ಮರಳಿತು. ತಿರುವೊಟ್ಟಿಯೂರಿನ ದೇವಾಲಯದಲ್ಲಿ ಈ ಬಕುಳದಡಿಯ ಆಣೆಯನ್ನು ವರ್ಷವರ್ಷವೂ ಉತ್ಸವವಾಗಿ ಆಚರಿಸುತ್ತಾರೆ.

ಗೆಳೆಯನಾದರೂ ಶಿವ ಸುಳ್ಳುಸಾಕ್ಷಿಗೆ ಒಪ್ಪಲಿಲ್ಲ. ಹೆಣ್ಣಿನ ಪಕ್ಷ ಹಿಡಿದ. ಸೋಮೇಶ್ವರನ ಅರ್ಚಕರು ಬಯಸಿದ್ದೂ ಅಷ್ಟೇ ಅಲ್ಲವೇ? ಸುಳ್ಳು ಕಾಗದಕ್ಕೆ ಸಾಕ್ಷಿಯಾಗುವುದು ಬೇಡವೆಂದರು. ಅವರನ್ನು ದೂಷಿಸುವಂತಿಲ್ಲ. ಆದರೂ ಬಾಗಿಲು ಮುಚ್ಚಿದ್ದರಿಂದ ನಷ್ಟ ಯಾರಿಗಾಯಿತೆಂದು ನೋಡಬೇಕು. ಲಕ್ಷಗಟ್ಟಲೆ ಕೊಟ್ಟು ಕಲ್ಯಾಣಮಂಟಪ ಹಿಡಿಯುವವರಿಗೆ ಇದರ ಬಿಸಿ ತಟ್ಟದು. ಹತ್ತು ಜನರ ಊಟ, ಒಂದು ಜೊತೆ ಹಾರ, ದೇವರ ಮುಂದೆ ತಾಳಿ ಎನ್ನುವ ಬಡವರಿಗೆ ತಟ್ಟುತ್ತದೆ. ತಂದೆ ತಾಯಿಯೊಡನೆ, ಸರಿಯಾದ ಕಾಗದಗಳೊಡನೆ ಬಂದವರೂ ಸುಳ್ಳುಗಾರರ ಸಾಲಿಗೆ ಸೇರಿದಂತಾಯಿತು.

ಓಡಿಬಂದವರೆಲ್ಲ ಸುಳ್ಳುಗಾರರೆಂದೂ ಅಲ್ಲ. ಇಲ್ಲಿ ಹಿರಿಯರಾದ ನಮ್ಮೆಡೆಗೂ ಒಂದು ಮಾತು ತಿರುಗುತ್ತದೆ. ಪ್ರಾಯಕ್ಕೆ ಬಂದು, ಕಾಯಿದೆಯ ವಯಸ್ಸು ತುಂಬಿ, ಬಿಚ್ಚುಮನಸ್ಸಿನಿಂದ ಮನೆಯಲ್ಲಿ ಹೇಳಿದ ಎಷ್ಟು ಮಕ್ಕಳಿಗೆ ನಾವು ಕುಳಿತು ಕಿವಿಗೊಟ್ಟಿದ್ದೇವೆ? ಜಾತಿಯ ಹೆಸರು ಕೇಳಿದೊಡನೆ ಬಾಗಿಲು ಹಾಕಿದ ಮನೆಗಳಿಂದಲೇ ಹೆಚ್ಚು ಮಕ್ಕಳು ರಾತ್ರಿ ಬಸ್ಸು ಹತ್ತುತ್ತಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಯಿತು. ಅದು ಕದ್ದು ನಡೆದದ್ದಲ್ಲ. ಎರಡು ಕಡೆಯ ತಂದೆ ತಾಯಿಯೂ ಶರಣರೂ ಎದುರು ನಿಂತು ಮಾಡಿಸಿದರು. ಆ ಸಾಕ್ಷಿಗೆ ತಂದೆಯರಿಬ್ಬರೂ ಪ್ರಾಣವನ್ನೇ ತೆತ್ತರು, ಮಕ್ಕಳನ್ನು ಕೈಬಿಡಲಿಲ್ಲ. ಇಂದು ನಮ್ಮಿಂದ ಯಾರೂ ಪ್ರಾಣ ಕೇಳುತ್ತಿಲ್ಲ. ನೋಂದಣಿ ಕಚೇರಿಗೆ ಬಂದು ಒಂದು ರುಜು ಹಾಕಿ, ಅರ್ಚಕರ ಪಕ್ಕದಲ್ಲಿ ನಿಂತು ಅಕ್ಷತೆ ಹಾಕಬೇಕು. ಊರಿನ ಯಜಮಾನರು ನಾಲ್ವರು ಹೀಗೆ ನಿಲ್ಲುವುದಾದರೆ ದೇವಾಲಯಗಳ ಆಡಳಿತದವರು ನಿಯಮವನ್ನು ಮತ್ತೊಮ್ಮೆ ಯೋಚಿಸಲು ದಾರಿಯಾದೀತು. ವಯಸ್ಸಿನ ದಾಖಲೆ, ಎರಡೂ ಮನೆಯ ಸಾಕ್ಷಿ, ಮುಂಚಿತ ತಿಳಿವಳಿಕೆ, ನೋಂದಣಿ ಇಷ್ಟನ್ನು ಕಡ್ಡಾಯ ಮಾಡಿ ಬಾಗಿಲು ತೆರೆಯಬಹುದಲ್ಲವೇ ಎಂಬುದು ನಮ್ಮ ಬಿನ್ನಹ. ಮನೆಯವರೇ ಮುನಿದು ನಿಂತಿರುವಲ್ಲಿ ಊರಿನ ಹಿರಿಯರ ಸಾಕ್ಷಿಯನ್ನಾದರೂ ಒಪ್ಪಬೇಕು.

ಮುಚ್ಚಿದ್ದು ಮತ್ತೆ ತೆರೆದುಕೊಂಡ ಉದಾಹರಣೆ ಹಲಸೂರಿನಲ್ಲಿಯೇ ಇದೆ. ಸೋಮೇಶ್ವರನ ಕಲ್ಯಾಣಿ ಮಣ್ಣು ಕಸ ತುಂಬಿ ಎಲ್ಲರ ಕಣ್ಣಿಂದ ಮರೆಯಾಗಿತ್ತು. 2010ರ ಆಸುಪಾಸಿನಲ್ಲಿ ಅಗೆದಾಗ ಮೆಟ್ಟಿಲುಗಳು ಕಾಣಿಸಿಕೊಂಡವು. ಕನಸಿನಲ್ಲಿ ಗೌಡರಿಗೆ ಸಿಕ್ಕ ಅಪ್ಪಣೆಯೂ ಅಗೆಯುವುದೇ ಆಗಿತ್ತೆಂಬುದನ್ನು ನೆನೆದರೆ ಬೆರಗಾಗುತ್ತದೆ. ಹಲಸೂರು ಕೆರೆಯ ಪಾಡು ಅಷ್ಟು ಸುಲಭದ್ದಲ್ಲ. ಒಂದು ಕಾಲಕ್ಕೆ ದಂಡಿನವರ ಬಾಯಾರಿಕೆಯನ್ನೂ ತಣಿಸಿದ ಕೆರೆ ಇದು. ಚರಂಡಿಯ ನೀರು, ಗಣಪತಿ ವಿಸರ್ಜನೆಯ ಬಣ್ಣ, ಸತ್ತು ತೇಲಿದ ಮೀನು ಎಂದು ಅದರ ಹೆಸರು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅದನ್ನು ಇನ್ನೊಮ್ಮೆ ಬರೆಯೋಣ.

ಹಳ್ಳಿಗಳಿಂದ ದರ್ಶನಕ್ಕೆ ಬರುವವರಿಗೆ ಈಗ ದಾರಿ ಸುಲಭ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಬೆಂಗಳೂರಿನ ಮೊದಲ ಮೆಟ್ರೋ ರೈಲು ಓಡಿದಾಗಲೇ ಹಲಸೂರಿಗೆ ನಿಲ್ದಾಣವಾಯಿತು. ಕೃಷ್ಣರಾಜಪುರದ ಕಡೆಯವರೂ ಈಗ ಅದೇ ನೇರಳೆ ಮಾರ್ಗದಲ್ಲಿ ಬಂದಿಳಿಯಬಹುದು. ಅಲ್ಲಿಂದ ಗುಡಿಗೆ ನಡೆದೇ ಹೋಗಬಹುದು. ಸ್ವಾಮಿಯ ದರ್ಶನ ಮಾಡಿ, ಕಾಮಾಕ್ಷಮ್ಮನಿಗೆ ಕೈಮುಗಿದು, ಕಂಬ ಗೋಡೆಗಳ ಕೆತ್ತನೆಯನ್ನು ನಿಧಾನವಾಗಿ ನೋಡಿ. ಗಿರಿಜಾ ಕಲ್ಯಾಣವೂ ಅಲ್ಲಿದೆ, ಪುರಾತನರೂ ಅಲ್ಲಿದ್ದಾರೆ. ಮೊಮ್ಮಕ್ಕಳನ್ನು ಕರೆತಂದಿದ್ದರೆ ನಂಬಿಯಣ್ಣನ ಕಥೆಯನ್ನು ಅಲ್ಲಿಯೇ ಹೇಳಿ.